ಅಪ್ಪ ಮಾತ್ರೆ ಬಿಟ್ಟಿರಲಿಲ್ಲ

ಊರಲ್ಲಿ ನಮ್ಮ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತಾಡ್ತಿರುತ್ತೆ. ದಪ್ಪ ಅಂಕಿ, ರಾಹುಕಾಲ, ಏಕಾದಶಿ, ಸಂಕಷ್ಟಿ ಎಲ್ಲ ಅಚ್ಚಾಗಿರೋ ಕ್ಯಾಲೆಂಡರ್. ನಿಮ್ಮನೇಲೂ ಇರುತ್ತೆ ಬಿಡಿ. ಅಮ್ಮ ಅದರಲ್ಲಿ ಹಾಲಿನ ಲೆಕ್ಕ ಬರೀತಾರೆ. ಸಿಲಿಂಡರ್ ಬಂದ ದಿನಕ್ಕೆ ಒಂದು ಸುತ್ತು ಹಾಕ್ತಾರೆ. ಹೋದ ವರ್ಷದಿಂದ ಅದೇ ಚೌಕಗಳ ಮೂಲೆಯಲ್ಲಿ ಅಪ್ಪನದ್ದೂ ಒಂದು ಗುರುತು ಶುರುವಾಯ್ತು. ಕೆಂಪು ಇಂಕಿನ ರೈಟ್ ಮಾರ್ಕ್. ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರ್ ಆದಮೇಲೂ ಜೇಬಲ್ಲಿ ಕೆಂಪು ಪೆನ್ ಇದ್ದೇ ಇರುತ್ತೆ.

ಈ ಸಲದ ಅಂಕಣ ಆ ರೈಟ್ ಮಾರ್ಕ್ ಬಗ್ಗೆ. ಯಾಕಂದ್ರೆ ಅದನ್ನ ನಂಬದೆ ನಾನೊಂದು ತಪ್ಪು ಮಾಡಿದೀನಿ. ನೀವು ಮಾಡೋದು ಬೇಡ ಅಂತ ಬರೀತಿದೀನಿ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ

ಅಪ್ಪನಿಗೆ ಮೆಟ್ಟಿಲು ಹತ್ತಿದ್ರೆ ಎದೆ ಬಿಗಿದ ಹಾಗೆ ಆಗ್ತಿತ್ತು. ಆಂಜಿಯೋಗ್ರಾಂ ಮಾಡಿಸಿದಾಗ ಒಂದು ರಕ್ತನಾಳ ಕಟ್ಟಿಕೊಳ್ತಾ ಬಂದಿದೆ ಅಂತ ಗೊತ್ತಾಗಿ ಸ್ಟೆಂಟ್ ಹಾಕಿದ್ರು. ಡಿಸ್ಚಾರ್ಜ್ ಆಗುವಾಗ ಚೀಟಿ ತುಂಬ ಮಾತ್ರೆ. ಅದರಲ್ಲಿ ಎರಡನ್ನ ಡಾಕ್ಟರ್ ಪೆನ್ನಿಂದ ಗೆರೆ ಎಳೆದು ತೋರಿಸಿದ್ರು. "ಇವೆರಡು ಮಾತ್ರ ಒಂದು ದಿನವೂ ತಪ್ಪಬಾರದು ಮೇಷ್ಟ್ರೇ." ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್. ಅವತ್ತಿಂದಲೇ ಕೆಂಪು ರೈಟ್ ಮಾರ್ಕ್ ಶುರು.

ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಅಣ್ಣನ ಮಗುವಿನ ನಾಮಕರಣ ಅಂತ ಅಪ್ಪ ಅಮ್ಮ ಬೆಂಗಳೂರಿಗೆ ಬಂದಿದ್ರು. ಬಂದ ಮೂರನೇ ದಿನ, ರಾತ್ರಿ ಊಟ ಆದಮೇಲೆ, ಅಪ್ಪ ಎದೆ ಹಿಡಿದುಕೊಂಡು ಕೂತರು. ಮೈಯೆಲ್ಲ ಬೆವರು. ಆಸ್ಪತ್ರೆ ಹತ್ತು ನಿಮಿಷದ ದಾರಿ. ಅದೊಂದು ಪುಣ್ಯ.

ಇಸಿಜಿ ನೋಡಿದ ಡ್ಯೂಟಿ ಡಾಕ್ಟರ್, "ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿರೋ ಹಾಗಿದೆ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು: "ಮಾತ್ರೆ ಏನಾದ್ರೂ ಬಿಟ್ಟಿದ್ರಾ?"

ನಾನು ಒಂದು ಸೆಕೆಂಡ್ ಕೂಡ ಯೋಚನೆ ಮಾಡ್ಲಿಲ್ಲ. "ಬಿಟ್ಟಿರ್ತಾರೆ ಡಾಕ್ಟ್ರೇ. ಅವರಿಗೆ ಮೊದಲಿಂದ್ಲೂ ಇಂಗ್ಲಿಷ್ ಔಷಧಿ ಅಂದ್ರೆ ಆಗಲ್ಲ. ನಾಮಕರಣದ ಗಡಿಬಿಡಿ ಬೇರೆ" ಅಂದೆ.

ಸ್ಟ್ರೆಚರ್ ಮೇಲೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದ ಅಪ್ಪ ತಲೆ ಅಲ್ಲಾಡಿಸಿದ್ರು. ಇಲ್ಲ, ಇಲ್ಲ ಅಂತ. ನಾನು ನೋಡಿದೆ. ಆದ್ರೆ ಆ ಹೊತ್ತಿಗೆ ನಂಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಇಷ್ಟೆಲ್ಲ ಮಾಡಿಸಿ, ಲಕ್ಷಗಟ್ಟಲೆ ಕಟ್ಟಿ, ದಿನಾ ಎರಡು ಮಾತ್ರೆ ನುಂಗೋಕೆ ಆಗಲಿಲ್ವಾ ಇವರಿಗೆ ಅನ್ನೋ ಸಿಟ್ಟು.

ಅವತ್ತೇ ರಾತ್ರಿ ಕಟ್ಟಿದ್ದನ್ನ ತೆಗೆದು ರಕ್ತನಾಳ ತೆರೆದ್ರು. ಅಪ್ಪ ಉಳಿದ್ರು.

ಬೆಳಗ್ಗೆ ಐಸಿಯು ಹೊರಗಿನ ಕುರ್ಚಿ ಮೇಲೆ ಕೂತಿದ್ದ ಅಮ್ಮನ ಹತ್ರ ಅದೇ ಮಾತು ಮತ್ತೆ ಎತ್ತಿದೆ. ಅಮ್ಮ ಜೋರಾಗಿ ಮಾತಾಡೋರಲ್ಲ. ಅವತ್ತು ಆಡಿದ್ರು. "ನಿಮ್ಮಪ್ಪ ಮಾತ್ರೆ ಬಿಟ್ಟಿಲ್ಲ ಕಣೇ. ಬ್ಯಾಗಲ್ಲಿ ಸ್ಟ್ರಿಪ್ ಇದೆ, ಎಣಿಸು. ಬರುವಾಗ ಹತ್ತಿತ್ತು, ಈಗ ಏಳಿದೆ. ಮೂರು ದಿನ, ಮೂರು ಮಾತ್ರೆ. ಊರಿಂದು ಬೇಕಾ? ಕ್ಯಾಲೆಂಡರ್ ನೋಡು." ಅಂದವರೇ ಪಕ್ಕದ ಮನೆಗೆ ಫೋನ್ ಮಾಡಿದ್ರು. ಬೀಗದ ಕೈ ಅವರ ಹತ್ರ ಇತ್ತು. ಅರ್ಧ ಗಂಟೇಲಿ ಅವರ ಮಗ ವಾಟ್ಸಾಪ್‌ನಲ್ಲಿ ಒಂದೊಂದೇ ತಿಂಗಳ ಫೋಟೋ ಕಳಿಸಿದ.

ಹಾಲು ಒಂದು, ರೈಟ್. ಹಾಲು ಒಂದೂವರೆ, ರೈಟ್. ಹಾಲಿಲ್ಲ, ರೈಟ್. ಐದು ತಿಂಗಳಲ್ಲಿ ಒಂದೇ ಒಂದು ಚೌಕ ಖಾಲಿ ಇರಲಿಲ್ಲ.

ರಕ್ತ ತೆಳು ಮಾಡೋ ಮಾತ್ರೆ ಅಂದ್ರೆ ಏನು?

ಹಾಗಾದ್ರೆ ಮಾತ್ರೆ ತಗೊಂಡರೂ ಯಾಕೆ ಹೀಗಾಯ್ತು? ಈ ಪ್ರಶ್ನೆ ಹಿಡಿದುಕೊಂಡು ನಾನು ಅಪ್ಪನ ಕಾರ್ಡಿಯಾಲಜಿಸ್ಟ್ ಎದುರು ಕೂತೆ. ಅವರು ತಾಳ್ಮೆಯಿಂದ ವಿವರಿಸಿದ್ರು. ಆಮೇಲೆ ನಾನೂ ಓದಿಕೊಂಡೆ. ಆದಷ್ಟು ಸುಲಭವಾಗಿ ಹೇಳ್ತೀನಿ.

ಪ್ಲೇಟ್‌ಲೆಟ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಡೆಂಗಿ. ಕೌಂಟ್ ಇಳೀತು, ಪಪ್ಪಾಯ ಎಲೆ ರಸ ಕುಡಿಸಿ ಅಂತ ಓಡಾಡ್ತೀವಲ್ಲ, ಅದೇ ಪ್ಲೇಟ್‌ಲೆಟ್. ರಕ್ತದಲ್ಲಿ ಓಡಾಡೋ ಪುಟ್ಟ ಪುಟ್ಟ ಕಣಗಳು. ಗಾಯವಾದ ಕಡೆ ಓಡಿಹೋಗಿ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸೋದು ಅವುಗಳ ಕೆಲಸ. ಬೆರಳು ಕುಯ್ದುಕೊಂಡಾಗ ಇದು ವರ. ಆದ್ರೆ ಹೃದಯದ ರಕ್ತನಾಳದೊಳಗೆ ಕೂತಿರೋ ಸ್ಟೆಂಟ್ ಅನ್ನೋ ಲೋಹದ ಜಾಲರಿಯನ್ನೂ ಅವು ಗಾಯ ಅಂತಲೇ ತಿಳ್ಕೊಳ್ತವೆ. ಅಲ್ಲಿ ಅಂಟಿಕೊಂಡ್ರೆ ಹಾರ್ಟ್ ಅಟ್ಯಾಕ್. ಸ್ಟೆಂಟ್ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳೋವರೆಗೆ ಪ್ಲೇಟ್‌ಲೆಟ್‌ಗಳನ್ನ ಹಿಡಿದಿಡಬೇಕು.

ನಾವು ಬಾಯಿಮಾತಿಗೆ ರಕ್ತ ತೆಳು ಮಾಡೋ ಮಾತ್ರೆ ಅಂತೀವಿ. ನಿಜವಾಗಿ ರಕ್ತ ನೀರಾಗಲ್ಲ, ಪ್ಲೇಟ್‌ಲೆಟ್ ಸಂಖ್ಯೆಯೂ ಇಳಿಯಲ್ಲ. ಅವುಗಳ ಅಂಟುವ ಗುಣ ಕಡಿಮೆಯಾಗುತ್ತೆ, ಅಷ್ಟೇ. ಆಸ್ಪಿರಿನ್ ಒಂದು ದಾರಿ ಮುಚ್ಚುತ್ತೆ, ಕ್ಲೋಪಿಡೋಗ್ರೆಲ್ ಇನ್ನೊಂದು ದಾರಿ ಮುಚ್ಚುತ್ತೆ. ಅದಕ್ಕೇ ಎರಡೂ ಬೇಕು. ಒಂದು ಪ್ಲೇಟ್‌ಲೆಟ್‌ನ ಆಯಸ್ಸು ಸುಮಾರು 7ರಿಂದ 10 ದಿನ. ದಿನಾ ಹೊಸವು ಹುಟ್ಟಿಬರ್ತಾನೇ ಇರ್ತವೆ. ಆ ಹೊಸವುಗಳಿಗಾಗಿ ಮಾತ್ರೆಯೂ ದಿನಾ ಬೇಕು.

ಅಕ್ಕಿ ಇದ್ರೆ ಸಾಲದು, ಒಲೆನೂ ಉರೀಬೇಕು

ಈಗ ಅಸಲಿ ವಿಷಯ. ಮಾತ್ರೆ ನುಂಗಿದ್ರೂ ಪ್ಲೇಟ್‌ಲೆಟ್ ಮೊದಲಿನಷ್ಟೇ ಅಂಟಿಕೊಳ್ತಿದ್ರೆ ಡಾಕ್ಟರುಗಳು ಅದನ್ನ 'ರೆಸಿಸ್ಟೆನ್ಸ್' ಅಂತಾರೆ. ಔಷಧಿಗೆ ದೇಹ ಬಗ್ಗದೇ ಇರೋದು.

ಆಸ್ಪಿರಿನ್ ರೆಡಿಮೇಡ್ ತಿಂಡಿ ಇದ್ದ ಹಾಗೆ. ಹೊಟ್ಟೆಗೆ ಹೋಗಿ ರಕ್ತ ಸೇರಿದ್ರೆ ಕೆಲಸ ಶುರು. ಕ್ಲೋಪಿಡೋಗ್ರೆಲ್ ಹಾಗಲ್ಲ. ಅದು ಅಕ್ಕಿ. ಅಕ್ಕಿ ನುಂಗಿದ್ರೆ ಹೊಟ್ಟೆ ತುಂಬುತ್ತಾ? ಅನ್ನ ಆಗಬೇಕು. ಆ ಅನ್ನ ಮಾಡೋ ಒಲೆ ನಮ್ಮ ಲಿವರ್‌ನಲ್ಲಿದೆ. ಒಲೆಗೆ ವಿಜ್ಞಾನಿಗಳು ಇಟ್ಟಿರೋ ಹೆಸರು ಸಿವೈಪಿ2ಸಿ19. ಹೆಸರು ಕೇಳಿ ಗಾಬರಿ ಬೇಡ, ಅದೊಂದು ಎಂಜೈಮ್, ಅಷ್ಟೇ. ನುಂಗಿದ ಕ್ಲೋಪಿಡೋಗ್ರೆಲ್‌ನಲ್ಲಿ ಸುಮಾರು 85 ಪಾಲು ಒಲೆ ತಲುಪೋ ಮುಂಚೆಯೇ ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಬಿಡುತ್ತೆ. ಉಳಿದ 15 ಪಾಲಷ್ಟೇ ಅನ್ನವಾಗೋದು. ಒಲೆ ಚೆನ್ನಾಗಿ ಉರಿದ್ರೆ ಅಷ್ಟೇ ಸಾಕು.

ಕೆಲವರಲ್ಲಿ ಈ ಒಲೆ ಹುಟ್ಟಿನಿಂದಲೇ ಮಂದ. ಈ ಎಂಜೈಮ್ ಹೇಗಿರಬೇಕು ಅಂತ ಬರೆದಿರೋ ಜೀನ್‌ನ ಎರಡು ಪ್ರತಿ ನಮ್ಮಲ್ಲಿರುತ್ತೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದು ಪ್ರತಿಯಲ್ಲಿ ದೋಷ ಇದ್ರೆ ಉರಿ ಕಡಿಮೆ. ಎರಡರಲ್ಲೂ ಇದ್ರೆ ಒಲೆ ಹೆಚ್ಚುಕಡಿಮೆ ಆರಿದ ಹಾಗೇ. ಅಂಥವರು ನಿಯತ್ತಾಗಿ ಮಾತ್ರೆ ನುಂಗಬಹುದು, ಕ್ಯಾಲೆಂಡರ್‌ನಲ್ಲಿ ರೈಟ್ ಹಾಕಬಹುದು. ಆದ್ರೆ ರಕ್ತಕ್ಕೆ ಅನ್ನ ಸೇರೋದು ತೀರಾ ಕಡಿಮೆ.

ಇದು ಮೊನ್ನೆ ಮೊನ್ನೆ ಗೊತ್ತಾದ ಸಂಗತಿಯೇನಲ್ಲ. ಅಮೆರಿಕದಲ್ಲಿ ಕ್ಲೋಪಿಡೋಗ್ರೆಲ್‌ಗೆ ಅನುಮತಿ ಸಿಕ್ಕಿದ್ದು 1997ರಲ್ಲಿ. 2010ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎರಡೂ ಪ್ರತಿ ದೋಷ ಇರುವವರಲ್ಲಿ ಇದರ ಪರಿಣಾಮ ಕಡಿಮೆ ಅಂತ ಚೌಕಟ್ಟಿನೊಳಗೆ ಎಚ್ಚರಿಕೆ ಅಚ್ಚು ಹಾಕಿಸ್ತು. ಔಷಧಿಯ ಮಾಹಿತಿ ಹಾಳೆಯಲ್ಲಿ ಅದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ. ಹವಾಯಿ ರಾಜ್ಯದಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರು ಬಹಳ. ಈ ವಿಷಯ ಮೊದಲೇ ಜನಕ್ಕೆ ಹೇಳಲಿಲ್ಲ ಅಂತ ಅಲ್ಲಿನ ಸರ್ಕಾರ 2014ರಲ್ಲಿ ಮೂಲ ಕಂಪನಿಗಳ ಮೇಲೆ ಕೇಸ್ ಹಾಕಿತು. ಕೋರ್ಟುಗಳಲ್ಲಿ ಸುತ್ತಾಡಿ 2024ರಲ್ಲಿ 91 ಕೋಟಿ ಡಾಲರ್‌ಗೂ ಮೀರಿದ ದಂಡದ ತೀರ್ಪು ಬಂತು. ಆಗ ಕಂಪನಿಗಳು ಇದನ್ನ ಒಪ್ಪಿರಲಿಲ್ಲ.

ನಮ್ಮ ಕಡೆ ಎಷ್ಟು ಜನಕ್ಕೆ?

ಯುರೋಪ್ ಮೂಲದವರಲ್ಲಿ ಎರಡೂ ಪ್ರತಿ ದೋಷ ಇರೋರು ನೂರಕ್ಕೆ ಸುಮಾರು ಇಬ್ಬರು. ನಮ್ಮ ಉಪಖಂಡದ ಕಡೆ ಲೆಕ್ಕ ಬೇರೆ. ಬ್ರಿಟನ್‌ನಲ್ಲಿರೋ ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದ 44 ಸಾವಿರಕ್ಕೂ ಹೆಚ್ಚು ಜನರ ಜೀನ್ ನೋಡಿದ ಅಧ್ಯಯನ 2023ರಲ್ಲಿ ಬಂತು. ಅದರಲ್ಲಿ ನೂರಕ್ಕೆ 57 ಜನರಲ್ಲಿ ಕನಿಷ್ಠ ಒಂದು ಪ್ರತಿ ದೋಷ ಇತ್ತು. 13 ಜನರಲ್ಲಿ ಎರಡೂ. ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಕ್ಲೋಪಿಡೋಗ್ರೆಲ್ ತಗೊಳ್ತಿದ್ದವರಲ್ಲಿ, ಎರಡೂ ಪ್ರತಿ ದೋಷ ಇದ್ದೋರಿಗೆ ಮತ್ತೆ ಅಟ್ಯಾಕ್ ಆಗೋ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡುಬಂತು.

ಅವರು ನಮ್ಮವರಲ್ಲ ಅಂತ ಪೂರ್ತಿ ತಳ್ಳಿಹಾಕೋಕಾಗಲ್ಲ. ಭಾರತೀಯರಲ್ಲೂ ಈ ದೋಷ ಸಾಮಾನ್ಯ ಅಂತ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು.

ಆದ್ರೆ ಇಲ್ಲೊಂದು ಮಾತು. ದೋಷ ಇರೋರಿಗೆಲ್ಲ ಸ್ಟೆಂಟ್ ಕಟ್ಟಿಕೊಳ್ಳಲ್ಲ. ಬಹಳಷ್ಟು ಜನ ಕ್ಲೋಪಿಡೋಗ್ರೆಲ್ ತಗೊಂಡೇ ಆರಾಮಾಗಿದ್ದಾರೆ. ಜೀನ್ ಅನ್ನೋದು ಹಲವು ಕಾರಣಗಳಲ್ಲಿ ಒಂದು. ಶುಗರ್ ಹತೋಟಿಯಲ್ಲಿ ಇಲ್ಲದಿದ್ರೂ ಪ್ಲೇಟ್‌ಲೆಟ್ ಚುರುಕಾಗ್ತವೆ. ಸ್ಟೆಂಟ್ ಸರಿಯಾಗಿ ಅರಳದಿದ್ರೂ ಅಲ್ಲಿ ರಕ್ತ ಕಟ್ಟಬಹುದು. ಅಪ್ಪನದ್ದನ್ನ ರಕ್ತನಾಳದ ಒಳಗಿಂದಲೇ ಸ್ಕ್ಯಾನ್ ಮಾಡಿ ನೋಡಿದ್ರು, ಸರಿಯಾಗಿ ಅರಳಿತ್ತು. ಶುಗರ್ ಮಾತ್ರ ಇತ್ತು.

ಒಂದೇ ಒಲೆಗೆ ಎರಡು ಪಾತ್ರೆ

ಡಾಕ್ಟರ್ ಅಪ್ಪನ ಮಾತ್ರೆ ಡಬ್ಬಿ ಪೂರ್ತಿ ಟೇಬಲ್ ಮೇಲೆ ಸುರಿಸಿದ್ರು. ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡ್ತಾ ಒಂದರ ಹತ್ರ ನಿಂತರು. "ಇದು ನಾವು ಬರೆದಿದ್ದಲ್ವಲ್ಲ?"

ಅದು ಗ್ಯಾಸ್ ಮಾತ್ರೆ. ಆಸ್ಪತ್ರೆಯವರು ಬರೆದಿದ್ದು ಪ್ಯಾಂಟೊಪ್ರಜೋಲ್. ಊರಿನ ಮೆಡಿಕಲ್‌ನಲ್ಲಿ ಒಂದು ದಿನ ಅದು ಖಾಲಿಯಾಗಿತ್ತು. "ಎರಡೂ ಒಂದೇ ಸಾರ್" ಅಂತ ಒಮೆಪ್ರಜೋಲ್ ಕೊಟ್ಟಿದ್ರು. ಆಮೇಲೆ ಖಾಲಿ ಸ್ಟ್ರಿಪ್ ತೋರಿಸಿ ತರೋದೇ ಅಭ್ಯಾಸ ಆಗಿ, ನಾಲ್ಕು ತಿಂಗಳಿಂದ ಅದೇ ನಡೀತಿತ್ತು.

ಹೊಟ್ಟೆ ಉರಿಗೆ ಎರಡೂ ಒಂದೇ ಇರಬಹುದು. ಆದ್ರೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಕೂಡ ಲಿವರ್‌ನ ಅದೇ ಒಲೆ ಮೇಲೆ ಕೂರ್ತವೆ. ಕ್ಲೋಪಿಡೋಗ್ರೆಲ್ ಬೇಯೋಕೆ ಜಾಗ ಕಡಿಮೆ. ಅದಕ್ಕೇ ಕ್ಲೋಪಿಡೋಗ್ರೆಲ್ ಜೊತೆ ಇವನ್ನ ಬಳಸಬೇಡಿ ಅಂತ ಎಫ್‌ಡಿಎ ಹೇಳುತ್ತೆ. ಒಮೆಪ್ರಜೋಲ್ ಸೇರಿಸಿದ್ರಿಂದ ಹಾರ್ಟ್ ಅಟ್ಯಾಕ್ ಹೆಚ್ಚಾಗಲಿಲ್ಲ ಅಂತ ತೋರಿಸಿದ ಅಧ್ಯಯನವೂ ಇದೆ. ಹಾಗಾಗಿ ಇದೇ ಕಾರಣ ಅಂತ ಯಾರೂ ಬೆರಳು ಮಾಡಿ ಹೇಳೋಕಾಗಲ್ಲ. ಆದ್ರೆ ಪ್ಯಾಂಟೊಪ್ರಜೋಲ್ ಅನ್ನೋ ಸುಲಭದ ದಾರಿ ಇರುವಾಗ ಯಾಕೆ ರಿಸ್ಕ್?

ಆಸ್ಪಿರಿನ್‌ಗೂ ಇಂಥದ್ದೇ ಒಂದು ಕಾಟ ಇದೆ: ಐಬುಪ್ರೊಫೇನ್. ಮಂಡಿನೋವು, ಸೊಂಟನೋವು ಅಂತ ನಾವೇ ತಂದು ಕೊಡೋ ಮಾತ್ರೆ. ಪ್ಲೇಟ್‌ಲೆಟ್‌ನಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಹೋಗಿ ಕೂತುಬಿಡುತ್ತೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯೋ ಹಾಗೆ. ಇನ್ನು ಹೊಟ್ಟೆಗೆ ತೊಂದರೆ ಆಗದಿರಲಿ ಅಂತ ಮೇಲ್ಪದರ ಹಚ್ಚಿದ ಆಸ್ಪಿರಿನ್ ಕೆಲವರಲ್ಲಿ ನಿಧಾನವಾಗಿ ರಕ್ತ ಸೇರುತ್ತೆ. 2013ರಲ್ಲಿ 400 ಆರೋಗ್ಯವಂತರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ 'ಆಸ್ಪಿರಿನ್ ರೆಸಿಸ್ಟೆನ್ಸ್' ಅಂತ ಕಂಡಿದ್ದು ಬಹುಪಾಲು ಈ ಮೇಲ್ಪದರದ ಕಾರಣಕ್ಕೆ. ನಿಜವಾಗಿ ಆಸ್ಪಿರಿನ್‌ಗೆ ಬಗ್ಗದವರು ಅದರಲ್ಲಿ ಒಬ್ಬರೂ ಸಿಗಲಿಲ್ಲ.

ಹಾಗಿದ್ರೆ ಎಲ್ಲರೂ ಟೆಸ್ಟ್ ಮಾಡಿಸಬೇಕಾ?

ನಂಗೂ ಮೊದಲು ಅನ್ನಿಸಿದ್ದು ಅದೇ. ಟೆಸ್ಟ್ ಇದೆ ಅಂದ್ರೆ ಎಲ್ಲರಿಗೂ ಮೊದಲೇ ಮಾಡಿಸಬಾರದಾ?

ಎರಡು ಥರ ಟೆಸ್ಟ್ ಇದೆ. ಮಾತ್ರೆ ತಗೊಂಡಮೇಲೆ ಪ್ಲೇಟ್‌ಲೆಟ್ ಎಷ್ಟು ಅಂಟಿಕೊಳ್ತಿದೆ ಅಂತ ರಕ್ತದಲ್ಲಿ ನೋಡೋದು ಒಂದು. ಜೀನ್ ನೋಡೋದು ಇನ್ನೊಂದು. ಮೊದಲನೇ ಥರದ ಟೆಸ್ಟ್ ಮಾಡಿ, ಅದರ ಪ್ರಕಾರ ಡೋಸ್ ಜಾಸ್ತಿ ಮಾಡಿದ್ರೆ ಅಥವಾ ಔಷಧಿ ಬದಲಿಸಿದ್ರೆ ಲಾಭ ಆಗುತ್ತಾ ಅಂತ 2011, 2012ರಲ್ಲಿ ದೊಡ್ಡ ಅಧ್ಯಯನಗಳು ನಡೆದ್ವು. ಅಂದುಕೊಂಡಷ್ಟು ಲಾಭ ಕಾಣಲಿಲ್ಲ. ಅದಕ್ಕೇ ಸ್ಟೆಂಟ್ ಹಾಕಿದ ಎಲ್ಲರಿಗೂ ಟೆಸ್ಟ್ ಮಾಡಿ ಅಂತ ಹೃದಯ ತಜ್ಞರ ಮಾರ್ಗಸೂಚಿಗಳು ಹೇಳಲ್ಲ. ಆದ್ರೆ ಗಾಳಿ ನಿಧಾನಕ್ಕೆ ಬದಲಾಗ್ತಿದೆ. ಬ್ರಿಟನ್‌ನ ನೈಸ್ ಸಂಸ್ಥೆ 2024ರಲ್ಲಿ, ಸ್ಟ್ರೋಕ್ ಆದವರಿಗೆ ಕ್ಲೋಪಿಡೋಗ್ರೆಲ್ ಕೊಡುವಾಗ ಈ ಜೀನ್ ಟೆಸ್ಟ್ ಮಾಡಿ ಅಂತ ಶಿಫಾರಸು ಮಾಡಿದೆ.

ಇನ್ನೊಂದು ವಿಷಯ. ಹಾರ್ಟ್ ಅಟ್ಯಾಕ್ ಆಗಿ ಬಂದವರಿಗೆ ಈಗ ಸಾಮಾನ್ಯವಾಗಿ ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್ ಕೊಡೋದೇ ಹೆಚ್ಚು. ಇವು ಆ ಮಂದ ಒಲೆಯನ್ನ ನೆಚ್ಚಿಕೊಂಡಿಲ್ಲ. ಹಾಗಂತ ಎಲ್ಲರಿಗೂ ಅದನ್ನೇ ಕೊಡಬಹುದಲ್ಲ ಅಂತ ಕೇಳಬೇಡಿ. ಜೋರಾದ ಔಷಧಿ ಅಂದ್ರೆ ರಕ್ತಸ್ರಾವದ ಅಪಾಯವೂ ಜೋರು. ಹಿಂದೆ ಸ್ಟ್ರೋಕ್ ಆಗಿದ್ರೆ ಪ್ರಾಸುಗ್ರೆಲ್ ಕೊಡೋ ಹಾಗೇ ಇಲ್ಲ. ಅಟ್ಯಾಕ್ ಆಗದೆ, ಅಪ್ಪನ ಹಾಗೆ ಮೊದಲೇ ಗೊತ್ತಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಲೋಪಿಡೋಗ್ರೆಲ್ಲೇ ರೂಢಿ. ಬಹುಪಾಲು ಜನಕ್ಕೆ ಅದು ಸರಿಹೋಗುತ್ತೆ. ಮೊದಲ ಸಲದ ಡಾಕ್ಟರ್ ತಪ್ಪು ಮಾಡಿದ್ರು ಅಂತ ಹೇಳೋಕೂ ನಂಗೆ ಬಾಯಿಲ್ಲ.

ಅಪ್ಪನ ಕೇಸ್ ಬೇರೆ ಆಗಿತ್ತು. ಮಾತ್ರೆ ತಗೊಳ್ತಿದ್ದಾಗಲೇ ಸ್ಟೆಂಟ್ ಕಟ್ಟಿಕೊಂಡಿದ್ದು. ಆಸ್ಪತ್ರೆಗೆ ಬಂದ ರಾತ್ರಿಯೇ ಟಿಕಾಗ್ರೆಲರ್‌ಗೆ ಬದಲಾಯಿಸಿದ್ರು. ಆಮೇಲೆ ಕ್ಯಾಲೆಂಡರ್ ಫೋಟೋ ನೋಡಿದ ಕಾರ್ಡಿಯಾಲಜಿಸ್ಟ್ ಜೀನ್ ಟೆಸ್ಟ್‌ಗೂ ಬರೆದ್ರು. "ಇಷ್ಟು ಕರಾರುವಾಕ್ಕಾಗಿ ಮಾತ್ರೆ ತಗೊಂಡಿರೋ ಪೇಷೆಂಟ್‌ನ ನಾನು ನೋಡೇ ಇಲ್ಲ. ಕಾರಣ ಹುಡುಕಲೇಬೇಕು" ಅಂದ್ರು.

ರಿಪೋರ್ಟ್ ಬಂತು. ಎರಡೂ ಪ್ರತಿ ದೋಷ.

ಅದರ ಅರ್ಥ ಡಾಕ್ಟರ್ ಬಿಡಿಸಿ ಹೇಳಿದಮೇಲೆ ಸ್ವಲ್ಪ ಹೊತ್ತು ನಂಗೆ ಮಾತೇ ಹೊರಡ್ಲಿಲ್ಲ. ಅಪ್ಪನ ಎರಡೂ ಪ್ರತಿಯಲ್ಲಿ ದೋಷ ಇದ್ರೆ, ಮಕ್ಕಳಿಗೆ ಒಂದು ಬಂದೇ ಬಂದಿರುತ್ತೆ. ಬರಬಹುದು ಅಂತ ಅಲ್ಲ, ಬಂದೇ ಇರುತ್ತೆ. ಅಣ್ಣನಿಗೂ, ನನಗೂ. ಇದು ಕಾಯಿಲೆ ಅಲ್ಲ, ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಂದರೆ ಇಲ್ಲ. ನಾಳೆ ಯಾವತ್ತಾದ್ರೂ ಆ ಮಾತ್ರೆ ಬೇಕಾದ್ರೆ ಡಾಕ್ಟರಿಗೆ ಹೇಳಬೇಕು, ಅಷ್ಟೇ. ಆದ್ರೆ ಅಪ್ಪ ಮಾತ್ರೆ ಬಿಟ್ಟಿರ್ತಾರೆ ಅಂತ ಸ್ಟ್ರೆಚರ್ ಪಕ್ಕ ನಿಂತು ಹೇಳಿದ್ನಲ್ಲ, ಆಗ ಅಪ್ಪ ಮಾಡಿದ ತಪ್ಪು ಅಂತ ನಾನು ಯಾವುದನ್ನ ಅಂದುಕೊಂಡಿದ್ನೋ, ಅದರ ಅರ್ಧ ನನ್ನ ಮೈಯಲ್ಲೇ ಇತ್ತು.

ಡಾಕ್ಟರ ಪ್ರಶ್ನೆ ತಪ್ಪಲ್ಲ

ಇಲ್ಲೊಂದು ವಿಷಯ ಹೇಳದಿದ್ರೆ ಅನ್ಯಾಯ ಆಗುತ್ತೆ. ಆ ಡ್ಯೂಟಿ ಡಾಕ್ಟರ್ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. ಈ ಮಾತ್ರೆಗಳು ಕೆಲಸ ಮಾಡದೇ ಇರೋದಕ್ಕೆ ಇವತ್ತಿಗೂ ಬಹಳ ಸಾಮಾನ್ಯ ಕಾರಣ ಅಂದ್ರೆ ಮಾತ್ರೆ ಹೊಟ್ಟೆಗೇ ಹೋಗದಿರೋದು. ಹಲ್ಲು ಕೀಳಿಸಬೇಕು ಅಂತ ನಾಲ್ಕು ದಿನ ಬಿಡೋದು. ಕೈಮೇಲೆ ನೀಲಿ ಕಲೆ ಕಂಡಿತು ಅಂತ ಬಿಡೋದು. ದುಡ್ಡಾಯ್ತು ಅಂತ ದಿನ ಬಿಟ್ಟು ದಿನ ತಗೊಳ್ಳೋದು. ಈಗ ಆರಾಮಿದೀನಲ್ಲ ಅಂತ ನಿಲ್ಲಿಸೋದು. ಇಂಥವರಿಗೆ ಜೀನ್ ಟೆಸ್ಟ್ ಮಾಡಿ ಏನೂ ಪ್ರಯೋಜನ ಇಲ್ಲ.

ತಪ್ಪಾಗಿದ್ದು ನನ್ನ ಉತ್ತರ. ಗೊತ್ತಿಲ್ಲದೇ ಇದ್ದಿದ್ದನ್ನ ಗೊತ್ತಿರೋ ಹಾಗೆ ಹೇಳಿದೆ. ವಾರಕ್ಕೆ ಎರಡು ಸಲ ಫೋನ್ ಮಾಡಿ "ಮಾತ್ರೆ ತಗೊಂಡ್ರಾ?" ಅಂತ ಕೇಳೋಳು, "ಹೂಂ ಕಣಮ್ಮ" ಅಂತ ಅವರು ಹೇಳಿದ್ದನ್ನ ಕೇಳಿಸಿಕೊಂಡಿದ್ದೆ ಅಷ್ಟೇ, ನಂಬಿರಲಿಲ್ಲ. ನನ್ನ ಆ ಮಾತನ್ನ ಅವರು ಹಾಗೇ ನಂಬಿ ಕೈ ಕಟ್ಟಿ ಕೂತಿದ್ರೆ, ಅದೇ ಮಾತ್ರೆ ಮತ್ತೆ ಬರೆದು "ಇನ್ಮೇಲೆ ಸರಿಯಾಗಿ ತಗೊಳ್ಳಿ" ಅಂತ ಮನೆಗೆ ಕಳಿಸಬಹುದಿತ್ತು. ಅಪ್ಪ ಮತ್ತೆ ದಿನಾ ರೈಟ್ ಹಾಕ್ತಾ ಇರ್ತಿದ್ರು. ನೆನೆಸಿಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ.

ಮನೇಲಿ ಸ್ಟೆಂಟ್ ಹಾಕಿಸಿಕೊಂಡವರು ಇದ್ದಾರಾ?

ನಮ್ಮನೆ ಕಲಿತ ಪಾಠ, ನಿಮಗೂ ಇರಲಿ.

ಡಾಕ್ಟರ್ ಹೇಳದೆ ಈ ಮಾತ್ರೆಗಳನ್ನ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಈ ಲೇಖನ ಓದಿ ಅಂತೂ ಖಂಡಿತ ಬೇಡ. ಮಂದ ಒಲೆ ಇದ್ರೂ ಸ್ವಲ್ಪ ಅನ್ನ ಬೇಯ್ತಿರುತ್ತೆ. ನಿಲ್ಲಿಸಿದ್ರೆ ಅದೂ ಇಲ್ಲ. ನೀವೇ ಡೋಸ್ ಡಬಲ್ ಮಾಡೋದೂ ಬೇಡ.

ಹಲ್ಲು ಕೀಳಿಸಬೇಕು, ಬೇರೆ ಯಾವುದೋ ಆಪರೇಷನ್ ಇದೆ ಅಂದ್ರೆ ಮೊದಲು ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಇಬ್ಬರೂ ಡಾಕ್ಟರುಗಳು ಮಾತಾಡಿಕೊಳ್ಳಲಿ.

ಪ್ರತಿ ಸಲ ಚೆಕಪ್‌ಗೆ ಹೋಗುವಾಗ ಚೀಟಿ ಅಲ್ಲ, ಮಾತ್ರೆ ಡಬ್ಬಿನೇ ತಗೊಂಡು ಹೋಗಿ. ಗ್ಯಾಸ್ ಮಾತ್ರೆ, ನೋವಿನ ಮಾತ್ರೆ, ಕಷಾಯದ ಪುಡಿ, ಪಕ್ಕದ ಮನೆಯವರು ಕೊಟ್ಟ ಲೇಹ್ಯ ಎಲ್ಲ ಅದರಲ್ಲಿರಲಿ. ಮೆಡಿಕಲ್‌ನವರು 'ಎರಡೂ ಒಂದೇ' ಅಂದ್ರೆ, ಸ್ಟ್ರಿಪ್‌ನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ ಕೇಳಿ. ನಮ್ಮ ಕೈಲಿ ಫೋನ್ ಇರೋದು ಮತ್ಯಾತಕ್ಕೆ?

ಹೊಸ ಮಾತ್ರೆ ಆಗಿಬರದಿದ್ರೆ ಬಾಯಿಬಿಟ್ಟು ಹೇಳಲಿ. ಟಿಕಾಗ್ರೆಲರ್ ಶುರು ಮಾಡಿದಮೇಲೆ ಅಪ್ಪನಿಗೆ ಆಗಾಗ ಉಸಿರು ಕಟ್ಟಿದ ಹಾಗಾಗ್ತಿತ್ತು. ಅದು ಆ ಔಷಧಿಯ ಗೊತ್ತಿರೋ ಅಡ್ಡಪರಿಣಾಮ. ಡಾಕ್ಟರನ್ನ ಕೇಳಿದ್ವಿ, ಪರೀಕ್ಷೆ ಮಾಡಿ ಮುಂದುವರಿಸಿ ಅಂದ್ರು. ಎರಡು ವಾರದಲ್ಲಿ ಕಡಿಮೆಯಾಯ್ತು. ಕೇಳದೆ ನಿಲ್ಲಿಸಿದ್ದಿದ್ರೆ?

ಮಾತ್ರೆ ತಪ್ಪದೆ ತಗೊಂಡೂ ಮತ್ತೆ ತೊಂದರೆ ಆದ್ರೆ, "ಔಷಧಿ ಇವರಿಗೆ ಕೆಲಸ ಮಾಡ್ತಿದೆಯಾ, ಟೆಸ್ಟ್ ಬೇಕಾ?" ಅಂತ ಡಾಕ್ಟರನ್ನ ಕೇಳೋ ಹಕ್ಕು ನಿಮಗಿದೆ. ಸಂಕೋಚ ಬೇಡ.

ಕೊನೇದು: ಲೆಕ್ಕ ಇಡಿ. ಆಪ್ ಬೇಕಿಲ್ಲ. ಹಾಲಿನ ಕ್ಯಾಲೆಂಡರ್ ಸಾಕು.

ಈಗ ಎರಡು ರೈಟ್

ಡಿಸ್ಚಾರ್ಜ್ ಆದ ದಿನ ಕಾರಿನಲ್ಲಿ ಕೂತಾಗ ಅಪ್ಪನಿಗೆ ಹೇಳಿದೆ. "ಅವತ್ತು ನಾನು ಹಾಗೆ ಹೇಳಬಾರದಿತ್ತಪ್ಪ."

ಅಪ್ಪ ಕಿಟಕಿ ಆಚೆ ನೋಡ್ತಾ ಇದ್ರು. ಸ್ವಲ್ಪ ಹೊತ್ತು ಬಿಟ್ಟು, "ಕ್ಲಾಸಲ್ಲಿ ನಾನೂ ಎಷ್ಟೋ ಮಕ್ಕಳನ್ನ ಓದಿಲ್ಲ ಅಂತ ಬೈದಿದೀನಿ ಕಣಮ್ಮ. ಓದಿದ್ರೂ ತಲೆಗೆ ಹತ್ತದೇ ಇದ್ದವರೂ ಇದ್ರೇನೋ" ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು.

ಟಿಕಾಗ್ರೆಲರ್ ದಿನಕ್ಕೆ ಎರಡು ಹೊತ್ತು. ಹೋದ ವಾರ ಊರಿಗೆ ಹೋಗಿದ್ದೆ. ಕ್ಯಾಲೆಂಡರ್‌ನ ಪ್ರತಿ ಚೌಕದಲ್ಲೂ ಹಾಲಿನ ಲೆಕ್ಕದ ಪಕ್ಕ ಈಗ ಎರಡೆರಡು ಕೆಂಪು ರೈಟ್. ರಾತ್ರಿ ಎಂಟಕ್ಕೆ ಅಪ್ಪ ಮಾತ್ರೆ ನುಂಗಿ, ನೀರು ಕುಡಿದು, ಕೆಂಪು ಪೆನ್ ನನ್ನ ಕೈಗೆ ಕೊಟ್ರು.

"ಇವತ್ತಿಂದು ನೀನೇ ಹಾಕು."

ಹಾಕಿದೆ.